ಯೊವಿತಾ ಹಿಂದಕ್ಕೆ ಪಡೆದ ಅಂಕಿ

ವಿಲ್ನಿಯಸ್‌ನ ನಮ್ಮ ಸಂಶೋಧನಾಲಯದಲ್ಲಿ ಒಳ್ಳೆಯ ಅಂಕಿ ತಂದವರಿಗೆ ಕೇಕು ಕತ್ತರಿಸುತ್ತಾರೆ. ಅಂಕಿ ಸುಳ್ಳೆಂದು ಒಪ್ಪಿಕೊಂಡವರಿಗೆ ಏನು ಕೊಡುತ್ತಾರೆ? ಯೊವಿತಾಳನ್ನು ಕೇಳಿ.

ಕಪ್ಪು ಪರದೆ ಇಳಿಬಿಟ್ಟ ಕೋಣೆಯೊಂದರಲ್ಲಿ ಆಕೆಯ ಯೌವನ ಕಳೆಯಿತು. ಸೌರಕೋಶದ ತೆಳು ಪದರಕ್ಕೆ ಲೇಸರ್ ಮಿಂಚು ಹೊಡೆಯಬೇಕು, ಒಳಗೆ ಹುಟ್ಟಿದ ವಿದ್ಯುತ್ ಕಣಗಳು ಆಚೆ ಬದಿ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯಬೇಕು. ಬೇಗ ಮುಟ್ಟಿದರೆ ಪದರ ಒಳ್ಳೆಯದು; ದಾರಿಯಲ್ಲೇ ಸಿಕ್ಕಿಬಿದ್ದರೆ ಬಿದ್ದ ಬಿಸಿಲೆಲ್ಲ ದಂಡ. ಬೆಳಕು ನುಗ್ಗೀತೆಂದು ಆ ಬಾಗಿಲನ್ನು ಯಾರೂ ತಳ್ಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆ ಮನುಷ್ಯರೊಂದಿಗೆ ಮಾತಾಡುತ್ತಿದ್ದದ್ದು ಚಹಾದ ಮೇಜಿನಲ್ಲಿ ಮಾತ್ರ.

ಈ ಚಳಿಗಾಲ ಮಿಲ್ದಾ ಎಂಬ ಸಂಶೋಧನಾ ವಿದ್ಯಾರ್ಥಿನಿ ತಯಾರಿಸಿದ ಪದರದಲ್ಲಿ ಕಣಗಳು ಓಡಿದವು. ಯೊವಿತಾ ಅಂಕಿ ಕೊಟ್ಟಳು. ಮುಳ್ಳುಮರದಂಥ ಶಾಕೋತಿಸ್ ಕೇಕು ಬಂತು, ಎಲ್ಲರೂ ಯೊವಿತಾಳ ಬೆನ್ನು ತಟ್ಟಿದರು.

ಆಮೇಲೆ ಆಕೆ ವೋಲ್ಟೇಜ್ ಏರಿಸಿ ಮತ್ತೆ ನೋಡಿದಳು. ಜೋರಾಗಿ ತಳ್ಳಿದರೆ ಕಣಗಳು ಇನ್ನೂ ಬೇಗ ಓಡಬೇಕಲ್ಲ? ಹೊತ್ತು ಕದಲಲೇ ಇಲ್ಲ. ಆಕೆ ಅಳೆದಿದ್ದು ಕಣಗಳ ಓಟವನ್ನಲ್ಲ, ತನ್ನದೇ ಉಪಕರಣದ ತಂತಿಗಳಲ್ಲಿ ತುಂಬಿದ ವಿದ್ಯುತ್ ಬರಿದಾಗುವ ಹೊತ್ತನ್ನು. ಕಣಗಳು ಒಳಗೇ ಸಿಕ್ಕಿಬಿದ್ದಿದ್ದವು.

"ಪ್ರಬಂಧ ನಾಳೆ ಪತ್ರಿಕೆಗೆ ಹೋಗುತ್ತೆ, ಗೊತ್ತಲ್ಲ?" ಎಂದ ಗುಂಪಿನ ಮುಖ್ಯಸ್ಥ ವಾಯ್ದೋತಾಸ್.

"ಅದಕ್ಕೇ ಇವತ್ತು ಬಂದೆ. ತಪ್ಪು ನಂದು. ಅಂಕಿ ತೆಗೀರಿ."

"ಯಾರ್ ನೋಡ್ತಾರೆ ಯೊವಿತಾ ಅವರೇ? ಕತ್ತಲಲ್ಲಿ ಕೂತೂ ಕೂತೂ ನಿಮಗೆ ಎಲ್ಲದರ ಮೇಲೂ ಅನುಮಾನ."

"ಇದನ್ನ ನಂಬ್ಕೊಂಡು ಇನ್ಯಾರೋ ವರ್ಷಗಟ್ಲೆ ಇದೇ ಪದರ ಮಾಡ್ತಾ ಕೂರ್ತಾರೆ. ಅವರಿಗೂ ಕೇಕ್ ಕಳಿಸ್ತೀರಾ?"

ಮಿಲ್ದಾಳ ಕಣ್ಣು ತುಂಬಿತ್ತು. "ಮೊದಲೇ ನೋಡ್ಬಾರ್ದಿತ್ತಾ ಮೇಡಂ? ಅಮ್ಮಂಗೆ ಫೋನ್ ಮಾಡಿ ಹೇಳ್ಬಿಟ್ಟಿದೀನಿ."

ಆದರೂ ಅಂಕಿ ಅಳಿಸುವವರೆಗೆ ಯೊವಿತಾ ಅಲ್ಲಿಂದ ಏಳಲಿಲ್ಲ. ಪ್ರಬಂಧ ನಿಂತಿತು.

ತಪ್ಪಾಗಿ ಅಳೆದದ್ದಕ್ಕೆ ಯಾರೂ ಒಂದು ಮಾತು ಬೈಯಲಿಲ್ಲ. ಹೇಳಿಬಿಟ್ಟಳಲ್ಲ, ಅದಕ್ಕೆ ಮುಖ ತಿರುಗಿಸಿದರು. ಸತ್ಯ ಹುಡುಕುವುದಕ್ಕೇ ಸಂಬಳ ಎಣಿಸುವ ಮಹನೀಯರೇ, ಅದು ಎದುರಿಗೆ ಬಂದು ನಿಂತರೆ ಕೂರಿಸಲು ನಿಮ್ಮಲ್ಲಿ ಜಾಗವಿಲ್ಲವೇ?

ಜಾಗವಿರಲಿಲ್ಲ. ಮರುದಿನ ಚಹಾದ ಮೇಜಿನ ಬಳಿ ಆಕೆಯ ಕುರ್ಚಿಯ ಮೇಲೆ ಯಾರದೋ ಕೋಟುಗಳ ರಾಶಿ. "ಇದು ಯಾರದ್ರೀ?" ಎಂದು ಕೇಳಿದಳು. ಕೋಟು ಎತ್ತಿಕೊಳ್ಳಲು ಯಾರೂ ಕೈ ಚಾಚಲಿಲ್ಲ. ಯೊವಿತಾ ಕಿಟಕಿಯ ಬಳಿ ನಿಂತೇ ಚಹಾ ಕುಡಿದಳು. ಲೋಟ ತೊಳೆದಿಟ್ಟು, ಬೇರೆ ಪದರವೊಂದನ್ನು ಅಳೆಯಲು ಒಳಗೆ ಹೋಗಿ ಪರದೆ ಎಳೆದುಕೊಂಡಳು.