ಬಲಗೈಯ ಬೊಬ್ಬೆ

ಹೋಟೆಲುಗಳ ಬಟ್ಟೆಯೆಲ್ಲ ಬರುವ ಆ ಲಾಂಡ್ರಿಯಲ್ಲಿ ಅವನನ್ನು ಉಕ್ಕಿನಕೈ ಎಂದೇ ಕರೆಯುತ್ತಿದ್ದರು. ಉಳಿದ ಇಸ್ತ್ರಿಯವರು ಹಬೆಯಾಡುವ ಕಾಲರ್ ಮುಟ್ಟಿ ಬೆರಳಿಗೆ ಉಫ್ ಎಂದು ಊದಿಕೊಳ್ಳುವಾಗ ಇವನು ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದು ಆರಾಮಾಗಿ ಮಡಚುತ್ತಿದ್ದ. "ಅಣ್ಣಾ, ನಿಂಗೆ ಇಸ್ತ್ರಿಪೆಟ್ಟಿಗೆ ಯಾಕೆ? ಕೈಯಲ್ಲೇ ತೀಡಿಬಿಡು" ಎಂದು ನಗುತ್ತಿದ್ದರು. ಇವನೂ ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು? ಆ ಕೈಗೆ ಸ್ಪರ್ಶವೇ ಇರಲಿಲ್ಲ.

ಕುಷ್ಠ. ಊರಿನಿಂದ ಮೈಯೊಳಗೇ ಹೊತ್ತು ತಂದಿದ್ದನೋ ಏನೋ, ಕೆಲಸಕ್ಕೆಂದು ಈ ಪರದೇಶಕ್ಕೆ ಬಂದು ಮೂರು ವರ್ಷವಾದ ಮೇಲೆ ತಲೆ ಎತ್ತಿತ್ತು. "ಮಾತ್ರೆ ಶುರುವಾಯ್ತಲ್ಲ, ಇನ್ನು ಯಾರಿಗೂ ಅಂಟಲ್ಲ. ಹೋದ ಸ್ಪರ್ಶ ವಾಪಸ್ ಬರೋದು ಮಾತ್ರ ಕಷ್ಟ. ದಿನಾ ಕೈಕಾಲು ನೋಡ್ಕೋಬೇಕು" ಎಂದಿದ್ದರು ಡಾಕ್ಟರಮ್ಮ. ಎಂಟು ತಿಂಗಳಿಂದ ಆ ಮಾತ್ರೆಗಳನ್ನು ವಿಟಮಿನ್ ಡಬ್ಬಿಯಲ್ಲಿಟ್ಟು ನುಂಗುತ್ತಿದ್ದಾನೆ. ಲಾಂಡ್ರಿಯಲ್ಲಿ ತಿಳಿದರೆ ಕೆಲಸ ಹೋಗುತ್ತದೆ, ಹೋಗಲಿ, ಇನ್ನೊಂದು ಸಿಕ್ಕೀತು. ಹೆಂಡತಿಗೆ ತಿಳಿದರೆ ಮಗಳನ್ನು ಎತ್ತಿಕೊಂಡು ತವರಿಗೆ ಹೊರಟುಬಿಡುತ್ತಾಳೆ ಎಂಬ ಹೆದರಿಕೆ ಅವನ ಎದೆಯಲ್ಲಿ ಬೀಡುಬಿಟ್ಟಿತ್ತು.

ಮಗಳಿಗೆ ಈಗ ಒಂದು ವರ್ಷ. ಹೆಂಡತಿ ಸಂಜೆ ಪಾಳಿಗೆ ಹೋಗುವುದರಿಂದ ಸ್ನಾನ ಇವನ ಪಾಲಿನದು. ನೀರಿನ ಹದ ನೋಡುವುದು ಬಲಗೈ. ಅದೊಂದಾದರೂ ಸರಿಯಾಗಿದೆ ಎಂದು ನಂಬಿಕೊಂಡಿದ್ದ.

ಅವತ್ತು ಹೆಂಡತಿಗೆ ರಜೆ. ಆದರೂ ಮಗಳು ಅಪ್ಪನೇ ಬೇಕೆಂದು ಹಟ ಹಿಡಿದಳು. ಅವಳನ್ನು ಎಡತೋಳಿನಲ್ಲಿ ಎತ್ತಿಕೊಂಡು ಬಲಗೈಯನ್ನು ಟಬ್ಬಿನೊಳಗೆ ಅದ್ದಿದ. ಹಿತವಾಗಿತ್ತು. ಕೈ ಹೊರತೆಗೆದಾಗ ಕಿರುಬೆರಳ ಪಕ್ಕ ಕಡಲೆಯಷ್ಟು ದಪ್ಪದ ಬೊಬ್ಬೆ ಕಂಡಿತು. ಬೆಳಿಗ್ಗೆ ಲಾಂಡ್ರಿಯಲ್ಲಿ ಸುಟ್ಟಿರಬೇಕು. ಅವನಿಗೆ ಗೊತ್ತೇ ಆಗಿರಲಿಲ್ಲ.

ನೀರು ನಿಜವಾಗಿಯೂ ಹಿತವಾಗಿದೆಯೋ, ಈ ಕೈಯೂ ಸುಳ್ಳು ಹೇಳಲು ಶುರುಮಾಡಿದೆಯೋ? ಮತ್ತೆ ಅದ್ದಿದ. ಹಿತವಾಗಿಯೇ ಇತ್ತು. ಮಗಳು ಕೇಕೆ ಹಾಕುತ್ತ ನೀರಿಗೆ ಕಾಲು ಚಾಚಿದಳು. ಗಾಬರಿಯಿಂದ ಆ ಪುಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡ. ಒಂದಿಷ್ಟು ತಣ್ಣೀರು ಬೆರೆಸಿ ಸುಮ್ಮನಾಗಿಬಿಡೋಣ ಅನ್ನಿಸಿತು. ಎಷ್ಟು ಬೆರೆಸುವುದು? ನಾಳೆ ಏನು ಮಾಡುವುದು?

"ಇನ್ನೂ ಆಗಿಲ್ವೇನ್ರೀ?" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

"ಸ್ವಲ್ಪ ಬಾ ಇಲ್ಲಿ" ಎಂದ. "ನೀರು ಮುಟ್ಟಿ ನೋಡು. ನನ್ನ ಕೈಗೆ ಗೊತ್ತಾಗ್ತಿಲ್ಲ."

ಅವಳು ಬಂದು ಬೆರಳಿಟ್ಟವಳೇ "ಅಮ್ಮಾ!" ಎಂದು ಕೈ ಕಿತ್ತುಕೊಂಡಳು.

ಅವನು ಅಲ್ಲೇ ಕೂತು ಎಲ್ಲ ಹೇಳಿದ. ರೋಗದ ಹೆಸರು ಹೇಳಿದ, ಡಬ್ಬಿಯೊಳಗಿನ ಮಾತ್ರೆಯ ಗುಟ್ಟು ಹೇಳಿದ, ಅಂಟುವುದಿಲ್ಲ ಎಂಬುದನ್ನು ಮೂರು ಸಲ ಹೇಳಿದ. ಅವಳು ಮಗಳನ್ನು ಅವನ ತೋಳಿನಿಂದ ತೆಗೆದುಕೊಂಡು ಬಾಗಿಲವರೆಗೂ ಹಿಂದೆ ಸರಿದಳು.

"ಇಷ್ಟು ದಿನ ಇವಳಿಗೆ ಸ್ನಾನ ಮಾಡಿಸಿದ್ದು ನೀವೇ ಅಲ್ವೇನ್ರೀ?" ಎಂದಳು.