ವಾಸನೆ ತಿಳಿಯದ ಎರಡು ವರ್ಷ

ಅರಕೆರೆಗೆ ಹತ್ತಿರದ ನಮ್ಮೂರ ಮಹಿಳಾ ಡೈರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ನನ್ನದು. ಫ್ಯಾಟ್ ನೋಡಲು ಯಂತ್ರವಿದೆ. ನೀರು ಬೆರೆತಿದ್ದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ಹಾಲು ಹಳಸಿದೆಯೇ ಎಂಬುದನ್ನು ಮಾತ್ರ ನಮ್ಮಲ್ಲಿ ಮೂಗೇ ಹೇಳಬೇಕು. ಕ್ಯಾನಿಗೆ ಸುರಿಯುವ ಮುನ್ನ ಪ್ರತಿ ಪಾತ್ರೆಯನ್ನೂ ಮೂಸಿ ನೋಡುತ್ತೇನೆ.

ಒಂದು ಮಳೆಗಾಲದಲ್ಲಿ ನನ್ನ ಎಡಮೂಗು ಕಟ್ಟಿಕೊಂಡಿತು. ಶೀತವೆಂದುಕೊಂಡು ಶ್ರೀರಂಗಪಟ್ಟಣದ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿದೆ, ಹಬೆ ತೆಗೆದುಕೊಂಡೆ. ಎರಡು ವರ್ಷ ಹಾಗೇ ಹೋಯಿತು. ಅಷ್ಟರಲ್ಲಿ ಬಲಮೂಗೂ ಕಟ್ಟಿತ್ತು. ವಾಸನೆ ಯಾವ ದಿನ ಹೋಯಿತೆಂದು ಹೇಳಲಾರೆ. ಒಗ್ಗರಣೆ ಸೀದು ಹೊಗೆ ಕಣ್ಣಿಗೆ ತಾಗಿದಾಗ ಗೊತ್ತಾಯಿತು. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ. ಮೂಸುವಂತೆ ನಟಿಸುವುದನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ನಾವು ಶೀತಲ ಕೇಂದ್ರಕ್ಕೆ ಕಳಿಸಿದ ಕ್ಯಾನು ವಾಪಸು ಬಂತು. ಹಾಲು ಒಡೆದಿತ್ತು. ಯಾರ ಹಾಲಿನಿಂದ ಕೆಟ್ಟಿತೆಂದು ತಿಳಿಯುವ ದಾರಿಯಿರಲಿಲ್ಲ. ಆದರೂ ಎಲ್ಲರೂ ನೋಡಿದ್ದು ದಿನವೂ ಕೊನೆಯಲ್ಲಿ ಬರುವ, ಒಂದೇ ಹಸುವಿನ ಅಜ್ಜಿಯ ಕಡೆಗೆ.

"ನೆನ್ನೆ ಸಂದ್ಯೆ ಆಲ್ನ ಬೆರ್ಸ್ಕಂಡ್ ಬಂದವ್ಳೆ ಮುದ್ಕಿ" ಎಂದಳು ಸಾಲಿನಲ್ಲಿದ್ದವಳೊಬ್ಬಳು.

ಅಜ್ಜಿ ನನ್ನತ್ತ ತಿರುಗಿದರು. "ನೀನೇ ಯೋಳವ್ವ. ನೀನೇ ತಾನೆ ಮೂಸಿದ್ದು? ನನ್ನಾಲು ಕೆಟ್ಟಿತ್ತಾ?"

"ನಂಗೆ ಗ್ಯಾಪ್ಕ ಇಲ್ಲ ಕಣಜ್ಜಿ" ಎಂದೆ.

ಮರುದಿನದಿಂದ ಅವರ ಹಾಲನ್ನು ಎಲ್ಲರೆದುರು ಕುದಿಸಿ ನೋಡಿದ ಮೇಲೆ ಅಳೆಯತೊಡಗಿದರು. ಒಮ್ಮೆಯೂ ಒಡೆಯಲಿಲ್ಲ. ಕೆಲವು ದಿನ ಸಹಿಸಿಕೊಂಡ ಅಜ್ಜಿ ಡೈರಿಗೆ ಬರುವುದನ್ನೇ ಬಿಟ್ಟು ಟೀ ಅಂಗಡಿಗೆ ಹಾಲು ಹಾಕಲು ಶುರುಮಾಡಿದರು.

ಆಮೇಲೆ ನನಗೆ ಕಣ್ಣಿನ ಸುತ್ತ ನೋವು ಬಂತು. ಗಂಡ ಮೈಸೂರಿಗೆ ಕರೆದುಕೊಂಡು ಹೋದರು. ಸ್ಕ್ಯಾನ್ ನೋಡಿದ ವೈದ್ಯೆ, ಮೂಗಿನ ಅಕ್ಕಪಕ್ಕದ ಸೈನಸ್ ಗೂಡುಗಳಲ್ಲಿ ಗಟ್ಟಿ ಸಿಂಬಳ ತುಂಬಿದೆ, ಅದರಲ್ಲಿ ಬೂಷ್ಟು ಇರುವಂತಿದೆ ಎಂದರು.

"ಹುಲ್ಲಿನ ಮೆದೇಲಿ ಹಿಡಿಯೋ ಬೂಷ್ಟಾ ಡಾಕ್ಟ್ರೇ? ಅದು ನಮ್ಮನೇಲಿ ಎಲ್ಲರ ಮೂಗಿಗೂ ಹೋಗ್ತದಲ್ಲ."

"ನನ್ನ ಮೂಗಿಗೂ ಹೋಗುತ್ತೆ. ನಮಗೇನೂ ಆಗಲ್ಲ, ನಿಮ್ಮ ಮೈಗೆ ಆಗಿಬರಲ್ಲ. ಅದನ್ನ ಓಡಿಸೋಕೆ ರಕ್ತದ ಬಿಳಿಕಣಗಳು ಬಂದು ಸೇರ್ತವೆ, ಒಳಪದರ ಊದುತ್ತೆ, ಸಿಂಬಳ ಕಟ್ಟುತ್ತೆ. ಕಟ್ಟಿದ್ದರಲ್ಲಿ ಬೂಷ್ಟು ಮತ್ತೆ ಬೆಳೆಯುತ್ತೆ. ಬೂಷ್ಟಿಗಿಂತ ನಿಮ್ಮ ಮೈ ತೋರಿಸ್ತಿರೋ ಸಿಟ್ಟೇ ಜಾಸ್ತಿ ತೊಂದರೆ ಕೊಡ್ತಿದೆ."

ಮೂಗಿನೊಳಗಿಂದಲೇ ಆಪರೇಷನ್ ಮಾಡಿದರು. ತೆಗೆದದ್ದನ್ನು ತೋರಿಸಿದರು: ಅರೆದ ಕಡಲೆಬೀಜದಂತೆ ಕಂದು ಬಣ್ಣದ್ದು. ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಆಮೇಲೆ ಸ್ಪ್ರೇ, ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಮತ್ತೆ ಬರಬಹುದು, ತೋರಿಸಿಕೊಳ್ಳುತ್ತಿರಬೇಕು ಎಂದೂ ಹೇಳಿದರು. ಮೂರನೇ ವಾರ ಕೊಟ್ಟಿಗೆಯಲ್ಲಿ ಗಂಜಲದ ವಾಸನೆ ಬಂತು. ಬೇಕೆಂದೇ ಮತ್ತೊಮ್ಮೆ ಮೂಸಿದೆ.

ಅವತ್ತೇ ಅಜ್ಜಿಯ ಮನೆಗೆ ಹೋದೆ. ಅವರು ಹಸುವಿಗೆ ಬೂಸ ಕಲಸುತ್ತಿದ್ದರು.

"ಅಜ್ಜಿ, ಆವತ್ತು ನಂಗೆ ವಾಸ್ನೆನೇ ಬತ್ತಿರ್ನಿಲ್ಲ. ಯಾರಾಲು ಕೆಟ್ಟಿತ್ತೋ ನಂಗೊತ್ತಿಲ್ಲ."

ಅವರು ಕಲಸುವುದನ್ನು ನಿಲ್ಲಿಸಲಿಲ್ಲ. "ಮೂಗು ಕೆಟ್ಟಿದ್ದು ತಪ್ಪಲ್ಲ ಕಣವ್ವ. ಬಾಯ್ಗೇನಾಗಿತ್ತು ನಿಂಗೆ?"

ಕಲಸಿದ ಬೂಸವನ್ನು ಹಸುವಿನ ಮುಂದೆ ತಳ್ಳಿ ಅಜ್ಜಿಯೇ ಮತ್ತೆ ಕೇಳಿದರು.

"ಇದ್ನ ನಂಗ್ಯಾಕ್ ಯೋಳೀಯೆ? ಡೈರಿ ತಾವ ಯೋಳೋಗು."

ಮರುದಿನ ಬೆಳಿಗ್ಗೆ ಸಾಲಿನೆದುರು ನಿಂತು ಹೇಳಿದೆ. ಯಾರೂ ಬೈಯಲಿಲ್ಲ, ಹಾಲು ಹಾಕಿ ಹಾಕಿ ಹೊರಟುಹೋದರು. ಡೈರಿಯ ಅಧ್ಯಕ್ಷೆ ಹಾಲು ಮೂಸಿ ನೋಡಲು ನನ್ನ ಜೊತೆಗೆ ಇನ್ನೊಬ್ಬಳನ್ನು ನಿಲ್ಲಿಸಿದರು. ಅದೇ ಸರಿಯೆನಿಸಿತು. ಅಜ್ಜಿಯನ್ನು ಕರೆಯಲು ಅವರೇ ಹೋದರು, ಅಜ್ಜಿ ಒಪ್ಪಲಿಲ್ಲ. ಈಗಲೂ ಟೀ ಅಂಗಡಿಗೇ ಹಾಕುತ್ತಾರೆ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾರೆ, ಕರುವಿನ ವಿಷಯವೋ ನಾಲೆಗೆ ನೀರು ಬಿಟ್ಟ ವಿಷಯವೋ.