ಟೆಗ್ವಿನ್‌ನ ಒಂದೇ ಹಾಡು

ನಮ್ಮ ಟೆಗ್ವಿನ್‌ಗೆ ಬರುತ್ತಿದ್ದದ್ದು ಒಂದೇ ಒಂದು ಕ್ರಿಸ್ಮಸ್ ಹಾಡು. ಅದಕ್ಕೇ ಅಷ್ಟು ಜಂಬ! ವೇಲ್ಸಿನ ಈ ಪೆನ್ನಂಟ್ ಕಣಿವೆಯಲ್ಲಿ ಕುರಿ ಕಾಯುವವರಿಗೂ ಹತ್ತಾರು ಹಾಡು ಬರುತ್ತವೆ. ಆದರೆ ಅವನದು ಮನೆತನದ ಹಾಡಂತೆ. ಅವನು, ಅವನಣ್ಣ ಇಡ್ವಲ್, ಇಬ್ಬರೇ ಹಾಡಬೇಕು. ಅಣ್ಣನದು ರಾಗ, ತಮ್ಮನದು ಅದರ ಕೆಳಗೆ ಬೇರೆಯೇ ಸ್ವರಗಳಲ್ಲಿ ನಡೆಯುವ ಮಂದ್ರದ ಜೊತೆದನಿ. ಬರೆದುಕೊಡು ಎಂದು ಯಾರಾದರೂ ಕೇಳಿದರೆ ಅವರ ಏಳು ತಲೆಮಾರು ಬಯ್ದು ಕಳಿಸುತ್ತಿದ್ದ.

ಹಬ್ಬದ ಸಂಜೆ ನಮ್ಮ ಚರ್ಚಿನಲ್ಲಿ ಯಾರೂ ಹೆಸರು ಕರೆಯುವುದಿಲ್ಲ. ಮನಸ್ಸಾದವರು ಎದ್ದು ಹೋಗಿ, ವಾದ್ಯವಿಲ್ಲದೆ ಹಾಡಿ, ಚಪ್ಪಾಳೆಯಿಲ್ಲದೆ ಬಂದು ಕೂರುತ್ತಾರೆ. ಒಬ್ಬರು ಹಾಡಿದ್ದನ್ನು ಆ ಸಂಜೆ ಇನ್ನೊಬ್ಬರು ಹಾಡುವಂತಿಲ್ಲ.

ಹಬ್ಬಕ್ಕೆ ಒಂದು ತಿಂಗಳಿರುವಾಗ, ನವೆಂಬರಿನಲ್ಲಿ, ಇಡ್ವಲ್ ತೀರಿಕೊಂಡ. ನಲವತ್ತೊಂದು ವರ್ಷ ತಪ್ಪದೆ ಹಾಡಿದ ಟೆಗ್ವಿನ್ ಈ ಸಲ ಏಳುತ್ತಾನೋ ಇಲ್ಲವೋ ಎಂಬುದೇ ಊರಿಗೆಲ್ಲ ಚಿಂತೆ. ಅವನೋ, ನನ್ನ ಪಕ್ಕ ಕೂತು ಟೋಪಿ ಹಿಂಡುತ್ತಿದ್ದ.

"ಏಳೋ ಮಾರಾಯ, ಹೋಗಿ ಹಾಡೋ," ಎಂದು ತಿವಿದೆ.

"ತಡಿಯೇ ಡಿಲಿಸ್, ಪ್ರಾಣ ತಿನ್ಬೇಡ. ಒಬ್ನೇ ಹೆಂಗೆ ನಿಂತ್ಕೊಳ್ಳಲಿ?"

ಅಷ್ಟರಲ್ಲಿ ಅಂಚೆ ಹಂಚುವ ಹೆಲೆಡ್ ಎದ್ದು ಮುಂದೆ ಹೋದಳು. ಎಂದೂ ಹಾಡದವಳು! ಅವಳು ಬಾಯಿ ತೆರೆದದ್ದೇ ತಡ, ನಾನು ಟೆಗ್ವಿನ್‌ನ ತೋಳು ಹಿಡಿದುಕೊಂಡೆ. ಅದೇ ಹಾಡು, ಟೆಗ್ವಿನ್‌ನದು.

"ಕಳ್ಳಿ!" ಎಂದ ಟೆಗ್ವಿನ್, ಇಡೀ ಚರ್ಚಿಗೆ ಕೇಳುವಂತೆ.

ಅವಳು ನಿಲ್ಲಿಸದೆ, ಆ ಹಾಡಿನ ಇಪ್ಪತ್ತೊಂದು ನುಡಿಗಳಲ್ಲಿ ಹನ್ನೊಂದನ್ನು ಹಾಡಿ ಬಂದು ಕೂತಳು. ಇವನು ದಡಕ್ಕನೆ ಎದ್ದ.

"ಇನ್ನೂ ಹತ್ತು ನುಡಿ ಇದೆ. ಅದನ್ನ ಯಾರೂ ಹಾಡಿಲ್ಲ. ಹಾಡಬಹುದಲ್ವಾ ಪಾದ್ರಿಗಳೇ?"

ಇಲ್ಲವೆನ್ನಲು ಪಾದ್ರಿಗೆ ಎರಡು ಗುಂಡಿಗೆ ಬೇಕಿತ್ತು. ಪಾಪ, ತಲೆಯಾಡಿಸಿದರು.

ರಾಗವಿಲ್ಲದ ಬರೀ ಜೊತೆದನಿ ಕೇಳಿದ್ದೀರಾ? ನೆಲದ ಮೇಲೆ ಮೇಜು ಎಳೆದಂತಿತ್ತು. ಒಂದಿಬ್ಬರು ನಗು ತಡೆಯಲು ಕೆಮ್ಮಿದರು. ಅವನ ಎರಡನೆಯ ನುಡಿಗೆ ಹೆಲೆಡ್ ಕೂತಲ್ಲಿಂದಲೇ ಪದಗಳಿಲ್ಲದೆ ಬರೀ ರಾಗ ಹಿಡಿದಳು. ಅವನು ಅವಳತ್ತ ನೋಡಲಿಲ್ಲ, ಆದರೆ ಅವಳಿಗಾಗಿ ಹಾಡನ್ನು ಸ್ವಲ್ಪ ನಿಧಾನ ಮಾಡಿದ. ನಾನಂತೂ ನಾಚಿಕೆ ಬಿಟ್ಟು ಅತ್ತೆ.

ಆಮೇಲೆ ಊಟದ ಮೇಜಿನಲ್ಲಿ ಅವಳೆದುರೇ ಹೋಗಿ ಕೂತ. "ಎಲ್ಲಿ ಕದ್ದೆ, ಹೇಳು."

"ಕದೀಲಿಲ್ಲ ಮಾಮ. ಆಸ್ಪತ್ರೆಗೆ ಹೋದಾಗೆಲ್ಲ ಇಡ್ವಲ್ ಮಾಮನೇ ಹೇಳ್ಕೊಟ್ರು. 'ನನ್ ತಮ್ಮ ಒಬ್ನೇ ಆಗ್ಬಿಡ್ತಾನೆ, ಹಬ್ಬಕ್ಕೆ ಅವನ ಜೊತೆ ನಿಂತ್ಕೋ' ಅಂದ್ರು. ಹನ್ನೊಂದು ನುಡಿ ಆಗಿತ್ತು ಅಷ್ಟೇ, ಹೋಗ್ಬಿಟ್ರು."

"ಮತ್ತೆ ನನ್ ಹತ್ರ ಬಂದು ಹೇಳೋಕ್ಕೇನಾಗಿತ್ತು ನಿಂಗೆ?"

"ಎರಡು ಸಲ ಬಂದೆ. ಬಾಯಿ ಬಿಡೋ ಮುಂಚೇನೇ ಬಾಗ್ಲು ಹಾಕ್ಕೊಂಡ್ರಿ. ಇವತ್ತು ನೀವು ಏಳ್ಲೇ ಇಲ್ಲ, ಅದಕ್ಕೇ ನಾನೇ ಎದ್ದೆ. ಮಾಮನಿಗೆ ಮಾತು ಕೊಟ್ಟಿದ್ನಲ್ಲ."

ಟೆಗ್ವಿನ್ ಚಹಾದ ಬಟ್ಟಲು ಕೆಳಗಿಟ್ಟು, ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟ. ಮೂಗೊರೆಸಿಕೊಂಡು, ಬಯ್ಯುವ ದನಿಯಲ್ಲೇ ಹೇಳಿದ:

"ನಾಳೆ ಮನೆಗೆ ಬಾ. ನಂಗೆ ಕೊಡೋ ಅಂಚೆ ಕಾಗದ ಇರ್ಲಿ, ಬಿಡ್ಲಿ, ನೀನ್ ಬಾ. ಹನ್ನೆರಡನೇ ನುಡಿಯಿಂದ ಶುರು ಮಾಡೋಣ."